ಬಜಾರಿ ಬಗ್ಗಿದಳೇ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ನಾಟಕವೆಂದರೆ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಯ ಸೀನರಿ, ಬೆಳಗಿನ ಜಾವದವರೆಗೆ ಕುರುಕ್ಷೇತ್ರ. ಊರ ಗಂಡಸರು ಭೀಮ, ದುರ್ಯೋಧನರಾಗುತ್ತಾರೆ. ದ್ರೌಪದಿಗೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಅದಕ್ಕೂ ಹಿಂದೆ ಸೀರೆ ಉಡುತ್ತಿದ್ದವರೂ ಗಂಡಸರೇ. ಬಜಾರಿ ಹೆಂಡತಿಯ ಸೊಕ್ಕು ಮುರಿಯುವ ಹಾಸ್ಯಕ್ಕೆ ಜನ ನಿಶ್ಚಿಂತೆಯಿಂದ ನಗುತ್ತಿದ್ದರು. ಸೀರೆಯೊಳಗೆ ಯಾರಿದ್ದಾನೆಂದು ಊರಿಗೆಲ್ಲ ಗೊತ್ತಿತ್ತಲ್ಲ!

ಶೇಕ್ಸ್‌ಪಿಯರನ 'ದಿ ಟೇಮಿಂಗ್ ಆಫ್ ದಿ ಶ್ರೂ' ಕೂಡ ಇಂಥ ರಂಗಕ್ಕೇ ಬರೆದ ನಾಟಕ. ಅವನ ಕಾಲದಲ್ಲಿ ಕ್ಯಾಥರೀನಾಳ ವೇಷ ಹಾಕುತ್ತಿದ್ದವನು ಹುಡುಗ. ಮೇಲಾಗಿ ಇಡೀ ಕಥೆ ಸ್ಲೈ ಎಂಬ ಕುಡುಕನ ಮುಂದೆ ಆಡಿ ತೋರಿಸುವ ನಾಟಕದೊಳಗಿನ ನಾಟಕ. ಹೆಂಡತಿಗೆ ಊಟ ಕೊಡದೆ, ನಿದ್ದೆಗೆಡಿಸಿ 'ಪಳಗಿಸುವ' ಗಂಡನ ಕ್ರೌರ್ಯ ಈ ಎರಡು ಪರದೆಗಳ ಹಿಂದೆ ಸ್ವಲ್ಪ ಮಂಕಾಗುತ್ತಿತ್ತು. ಸಿನಿಮಾ ಆ ಪರದೆಗಳನ್ನು ಕಿತ್ತುಹಾಕುತ್ತದೆ. ಅಲ್ಲಿರುವುದು ನಿಜವಾದ ಹೆಣ್ಣು, ಅದೂ ಕ್ಲೋಸಪ್ಪಿನಲ್ಲಿ.

ಈ ನಾಟಕವನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ'ನಾಗಿ ಕನ್ನಡಕ್ಕೆ ಒಗ್ಗಿಸಿದರು. ಅದನ್ನು ಆಧರಿಸಿ ಎಂ.ಎಸ್. ರಾಜಶೇಖರ್ 1989ರಲ್ಲಿ 'ನಂಜುಂಡಿ ಕಲ್ಯಾಣ' ಮಾಡಿದರು. 1976ರ 'ಬಹದ್ದೂರ್ ಗಂಡು' ಚಿತ್ರದಲ್ಲಿ ರಾಜ್‌ಕುಮಾರ್, ಜಯಂತಿ ಜೋಡಿಯ ಜಗಳಕ್ಕೂ ಇದೇ ಬೀಜ. 'ನಂಜುಂಡಿ ಕಲ್ಯಾಣ' ಭರ್ಜರಿಯಾಗಿ ಗೆದ್ದಿತು. ಕಥೆಯ ದಾರಿ ಹಳೆಯದೇ. ಹಟಮಾರಿ ಹುಡುಗಿ, ಅವಳ ಸೊಕ್ಕಿಳಿಸುವ ಗಂಡ, ಕೊನೆಗೆ ಎಲ್ಲವೂ ಸುಖ. ಆ ಲೆಕ್ಕದಲ್ಲಿ ಗೆದ್ದವನು ನಾಯಕ ರಾಘವೇಂದ್ರ ರಾಜ್‌ಕುಮಾರ್. ಆದರೆ ಜನ ಮನೆಗೆ ಹೊತ್ತುಕೊಂಡು ಹೋದದ್ದು ಯಾರನ್ನು? ಕುಡಿದ ಅಮಲಿನಲ್ಲಿ ನಾಯಕಿ ಹಾಡುವ, ಮಂಜುಳಾ ಗುರುರಾಜ್ ದನಿಯ ಆ ಹಾಡನ್ನು ಇಂದಿಗೂ ಆರ್ಕೆಸ್ಟ್ರಾಗಳು ಬಿಟ್ಟಿಲ್ಲ. ಪಳಗಿದ ಹೆಂಡತಿಯ ವಿನಯದ ಮಾತುಗಳು ಯಾರಿಗೆ ನೆನಪಿವೆ? ನಾಯಕಿಯಾಗಿ ಮಾಲಾಶ್ರೀಗೆ ಇದು ಮೊದಲ ಚಿತ್ರ. ಮುಂದೆ ಅವರು ಗಂಡಸರನ್ನೇ ಹೊಡೆದುರುಳಿಸುವ ಪಾತ್ರಗಳಿಗೆ ಹೆಸರಾದರು. ಕಥೆ ಬಗ್ಗಿಸಿದವಳನ್ನು ಪ್ರೇಕ್ಷಕರು ಬಗ್ಗಲು ಬಿಡಲಿಲ್ಲ. ಇದು ನಿರ್ದೇಶಕರು ಬಯಸಿ ಮಾಡಿದ್ದು ಎನ್ನಲಾರೆವು. ತೆರೆಯ ಮೇಲೆ ಮುಖವೊಂದು ಅಷ್ಟು ಜೀವಂತವಾಗಿದ್ದಾಗ ಹೀಗಾಗುತ್ತದೆ.

ಬೇಕೆಂದೇ ಮಾಡಿದ ಉದಾಹರಣೆಯೂ ಉಂಟು. 1929ರ ಇಂಗ್ಲಿಷ್ ಚಿತ್ರದಲ್ಲಿ ಕ್ಯಾಥರೀನಾ ಆಗಿದ್ದ ಮೇರಿ ಪಿಕ್‌ಫೋರ್ಡ್, ಗಂಡನಿಗೆ ವಿಧೇಯಳಾಗಿರಬೇಕೆಂಬ ಕೊನೆಯ ಭಾಷಣದ ನಡುವೆ ತಂಗಿಯತ್ತ ಕಣ್ಣು ಮಿಟುಕಿಸುತ್ತಾಳೆ. ಅಷ್ಟೇ. ಭಾಷಣದ ಅರ್ಥವೇ ತಲೆಕೆಳಗು.

ನಮ್ಮನ್ನು ಕಾಡುವುದು ಕೊನೆಯ ಭಾಷಣಕ್ಕಿಂತ ಮದುವೆ ಗೊತ್ತುಮಾಡುವ ದೃಶ್ಯ. ಭಾನುವಾರ ಮದುವೆಯೆಂದು ಪೆಟ್ರೂಶಿಯೊ ಸಾರಿದಾಗ, ಅದಕ್ಕಿಂತ ನಿನ್ನನ್ನು ಗಲ್ಲಿಗೇರಿಸುವುದನ್ನು ನೋಡಿಯೇನು ಎಂಬರ್ಥದಲ್ಲಿ ಕ್ಯಾಥರೀನಾ ಸಿಡಿಯುತ್ತಾಳೆ. ಆಮೇಲೆ ಆ ದೃಶ್ಯದಲ್ಲಿ ಅವಳಿಗೆ ಒಂದೇ ಒಂದು ಮಾತಿಲ್ಲ. ಒಳಗೊಳಗೆ ಅವಳು ಒಪ್ಪಿದ್ದಾಳೆ ಎಂದು ಅವನು ಹೇಳುತ್ತಾನೆ, ಅಪ್ಪ ನಂಬುತ್ತಾನೆ, ಸಭೆ ನಗುತ್ತದೆ. ನಿಕಾಹ್‌ಗೆ ಹೆಣ್ಣಿನ ಒಪ್ಪಿಗೆ ಬೇಕು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕನ್ಯೆಯ ಮೌನವೂ ಸಮ್ಮತಿ ಎಂಬ ಹದೀಸನ್ನೂ ಉದ್ಧರಿಸುತ್ತೇವೆ. ಅದು ನಾಚುವವಳಿಗೆ ಕೊಟ್ಟ ರಿಯಾಯಿತಿ, ಬೇಡವೆಂದವಳ ಬಾಯಿ ಮುಚ್ಚಿಸುವ ಪರವಾನಗಿಯಲ್ಲ. ತನಗೆ ಇಷ್ಟವಿಲ್ಲದೆ ತಂದೆ ಮಾಡಿಸಿದ ಮದುವೆಯ ಬಗ್ಗೆ ದೂರಿಕೊಂಡ ಖನ್ಸಾ ಎಂಬ ಮಹಿಳೆಯ ನಿಕಾಹ್ ಅನ್ನು ಪ್ರವಾದಿಯವರು(ಸ) ರದ್ದುಗೊಳಿಸಿದ್ದರು. ಆದರೂ ವಕೀಲ, ಸಾಕ್ಷಿಗಳು ಬಾಗಿಲಲ್ಲಿ ನಿಂತು ಕೇಳುವಾಗ ಹುಡುಗಿಯ ಬದಲಿಗೆ ಪಕ್ಕದ ಹೆಂಗಸರು 'ಹ್ಞೂಂ' ಎಂದುಬಿಡುವುದನ್ನು ನೋಡದವರು ನಮ್ಮಲ್ಲಿ ಕಡಿಮೆ.

ಈ ಕಥೆ ಇನ್ನೂ ಹಲವು ಸಲ ತೆರೆಗೆ ಬರಲಿದೆ. ಬರಲಿ, ನಗಿಸಲಿ. ಆದರೆ ಅಪ್ಪನೂ ಅಳಿಯನೂ ಕೈಕುಲುಕುವ ಹೊತ್ತಿಗೆ ಕ್ಯಾಮೆರಾ ಅವರಿಬ್ಬರನ್ನು ಬಿಟ್ಟು ಸ್ವಲ್ಪ ಅವಳ ಮುಖದತ್ತ ತಿರುಗಿ ನಿಲ್ಲಲಿ.