ಮೇಜರ್ ಸಿಕ್ಕ, ಹವಾಲ್ದಾರ್ ಎಲ್ಲಿ?

ಯಲಹಂಕದ ಕಡೆ ಮನೆಯೋ ಆಫೀಸೋ ಇರೋರಿಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಗೊತ್ತೇ ಇರುತ್ತೆ. ಮ್ಯಾಪಿನ ಹೆಣ್ಣುದನಿ ಆ ಹೆಸರು ಹೇಳುತ್ತೆ, ನಾವು ಎಡಕ್ಕೆ ತಿರುಗ್ತೀವಿ. ರಸ್ತೆಗೆ ಹೆಸರಿಟ್ಟರೆ ಆಗೋದು ಹೀಗೇ. ಹೆಸರು ಉಳಿಯುತ್ತೆ, ಮನುಷ್ಯ ವಿಳಾಸವಾಗಿಬಿಡ್ತಾನೆ. ಆ ವಿಳಾಸವನ್ನ ಮತ್ತೆ ಮನುಷ್ಯನನ್ನಾಗಿ ಮಾಡಲು ಹೊರಟ ಸಿನಿಮಾ ‘ಮೇಜರ್’. 2022ರ ಜೂನ್ 3ಕ್ಕೆ ಬಂತು, ಶಶಿಕಿರಣ್ ತಿಕ್ಕ ನಿರ್ದೇಶನ, ಅಡಿವಿ ಶೇಷ್ ನಾಯಕ. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಅದರ ತುಣುಕುಗಳು ಈಗಲೂ ಪ್ರತಿ ನವೆಂಬರಿನಲ್ಲಿ ಓಡಾಡ್ತವೆ. ಹಾಗಾಗಿ ತಡವಾದ್ರೂ ಪರವಾಗಿಲ್ಲ, ಈ ಸಿನಿಮಾದ ಬಗ್ಗೆ ಒಂದಿಷ್ಟು ಬರೀಬೇಕು ಅನ್ನಿಸ್ತು.

ಮೊದಲು ನಿಜದ ಮನುಷ್ಯ. ಸಂದೀಪ್ ಹುಟ್ಟಿದ್ದು 1977ರಲ್ಲಿ, ಕೋಳಿಕ್ಕೋಡಿನಲ್ಲಿ. ಬೆಳೆದದ್ದು ಪೂರಾ ಬೆಂಗಳೂರಿನಲ್ಲಿ. ಅಪ್ಪ ಇಸ್ರೋದಲ್ಲಿದ್ದವರು. 1995ರಲ್ಲಿ ಎನ್‌ಡಿಎ ಸೇರಿ, 1999ರಲ್ಲಿ ಬಿಹಾರ್ ರೆಜಿಮೆಂಟಿನ ಅಧಿಕಾರಿಯಾದ. ಆಮೇಲೆ ಎನ್‌ಎಸ್‌ಜಿ. 2008ರ ನವೆಂಬರಿನಲ್ಲಿ ಮುಂಬೈನ ತಾಜ್ ಹೋಟೆಲಿನೊಳಗೆ ತನ್ನ ತಂಡ ಕರ್ಕೊಂಡು ಹೋದ. ಗುಂಡು ತಗಲಿದ ಕಮಾಂಡೋ ಸುನಿಲ್ ಯಾದವ್ ಅವರನ್ನ ಹೊರಗೆ ಸಾಗಿಸೋ ವ್ಯವಸ್ಥೆ ಮಾಡಿ, ಉಗ್ರರ ಬೆನ್ನು ಹತ್ತಿ, 28ನೇ ತಾರೀಖು ತೀರಿಕೊಂಡ. ಆಗ ವಯಸ್ಸು 31. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನರ ವಯಸ್ಸು.

ಸಿನಿಮಾದಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಅಪ್ಪನಾಗಿ ನಮ್ಮ ಪ್ರಕಾಶ್ ರೈ, ಅಮ್ಮನಾಗಿ ರೇವತಿ, ಇಬ್ಬರೂ ಇರುವಷ್ಟು ಹೊತ್ತು ಪರದೆ ಮೇಲೆ ಒಂದು ಮನೆ ಕಾಣುತ್ತೆ, ಸೆಟ್ಟು ಕಾಣಲ್ಲ. ಗಂಡ ಸದಾ ದೂರ ಇರೋ ಮದುವೆ ಒಳಗೊಳಗೇ ಸವೆಯೋದನ್ನ ಸಿನಿಮಾ ಮುಚ್ಚಿಡಲ್ಲ. ಸೇನೆಯ ಸಿನಿಮಾಗಳಲ್ಲಿ ಹೆಂಡತಿ ಅಂದ್ರೆ ರೈಲು ನಿಲ್ದಾಣದಲ್ಲಿ ಕೈ ಬೀಸೋಳು ಅಷ್ಟೇ. ಇಲ್ಲಿ ಆಕೆಗೆ ಸಿಟ್ಟು ಮಾಡೋ ಹಕ್ಕಾದ್ರೂ ಸಿಕ್ಕಿದೆ. ಇದನ್ನೆಲ್ಲ ಮೆಚ್ಚಿಕೊಂಡೇ ಮುಂದಿನ ಮಾತು ಹೇಳ್ತೀನಿ. ಬೆಂಗಳೂರಿನಲ್ಲಿ ಬೆಳೆದ ಹುಡುಗನ ಕಥೆ ತೆಲುಗು, ಹಿಂದಿ, ಮಲಯಾಳಗಳಲ್ಲಿ ಥಿಯೇಟರಿಗೆ ಬಂತು. ಕನ್ನಡಕ್ಕೆ ಅದು ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಇರಲಿ. ನನ್ನ ತಕರಾರು ಅದಲ್ಲ.

ತಕರಾರು ಏನು ಅನ್ನೋದನ್ನ ನನಗಿಂತ ಚೊಕ್ಕಾಗಿ ಹೇಳಿದವರು ನಮ್ಮೂರಿನ ಒಬ್ಬ ನಿವೃತ್ತ ಹವಾಲ್ದಾರ್. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಹಳ್ಳಿ. ಸುತ್ತ ಎಲ್ಲಿ ನೋಡಿದ್ರೂ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು. ಹಬ್ಬಕ್ಕೆ ಹೋದಾಗ ಅವರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸಿನಿಮಾದ ಕೊನೆಯ ಅರ್ಧ ಗಂಟೆ ನೋಡಿದ್ವಿ. ಮೇಜರ್ ಒಬ್ಬನೇ, ಮೈತುಂಬ ರಕ್ತ, ಗುಂಡಿನ ಮಳೆ, ಹಿನ್ನೆಲೆ ಸಂಗೀತ ಮುಗಿಲಿಗೆ. ಮುಗಿದ ಮೇಲೆ ಅವರು ಒಂದೇ ಮಾತು ಅಂದ್ರು: “ಪಿಕ್ಚರ್ ಛಲೋ ಐತಿ. ಆದ್ರ ಉಳದ ಮಂದಿ ಎಲ್ಲಿ ಹೋದ್ರೋ ತಮ್ಮಾ? ಅಲ್ಲಿ ಯಾರೂ ಒಬ್ಬಾಂವ ಇರಂಗಿಲ್ಲ.”

ಆ ಉಳಿದ ಮಂದಿಯ ಪ್ರಶ್ನೆ ಹಿಡ್ಕೊಂಡು ಹೊರಟ್ರೆ ನೇರ ಇನ್ನೊಂದು ಹೆಸರಿಗೆ ಹೋಗಿ ನಿಲ್ತೀವಿ. ಹವಾಲ್ದಾರ್ ಗಜೇಂದ್ರ ಸಿಂಗ್ ಬಿಷ್ತ್. ಅದೇ ಎನ್‌ಎಸ್‌ಜಿ, ಅದೇ ಕಾರ್ಯಾಚರಣೆ. ಯಹೂದಿ ಕೇಂದ್ರವಿದ್ದ ನಾರಿಮನ್ ಹೌಸಿನಲ್ಲಿ, ಅದೇ ನವೆಂಬರ್ 28ರಂದು ಸತ್ತರು. 2009ರ ಜನವರಿ 26ಕ್ಕೆ ಇಬ್ಬರಿಗೂ ಮರಣೋತ್ತರ ಅಶೋಕ ಚಕ್ರ. ದಿನ ಒಂದು, ಪದಕ ಒಂದು, ಕೆಲಸ ಒಂದು. ಸಂದೀಪ್ ಹೆಸರು ಗೊತ್ತಿರುವ ನಿಮ್ಮ ಸಹೋದ್ಯೋಗಿಗಳಲ್ಲಿ ಬಿಷ್ತ್ ಹೆಸರು ಎಷ್ಟು ಜನಕ್ಕೆ ಗೊತ್ತು, ನಾಳೆ ಕಾಫಿ ಹೊತ್ತಲ್ಲಿ ಕೇಳಿ ನೋಡಿ. ಇದರಲ್ಲಿ ಸಂದೀಪನ ತಪ್ಪಂತೂ ಒಂಚೂರೂ ಇಲ್ಲ. ಇಂಗ್ಲಿಷ್ ಶಾಲೆ, ಬೆಂಗಳೂರು, ಆಫೀಸರ್ ದರ್ಜೆ: ಇವು ನಮ್ಮಂಥ ಟಿಕೆಟ್ ಕೊಳ್ಳೋರಿಗೆ ಪರಿಚಯದ ಸಂಗತಿಗಳು. ನಾವು ನಮ್ಮ ಹಾಗೆ ಕಾಣೋ ವೀರನನ್ನ ನೆನಪಿಡ್ತೀವಿ. ಸಿನಿಮಾದ ಹೆಸರೇ ಒಂದು ರ‍್ಯಾಂಕ್ ಅನ್ನೋದು ಆಕಸ್ಮಿಕ ಅಂತ ನನಗನ್ನಿಸಲ್ಲ.

ನೆನಪಿಡೋದಕ್ಕೆ ಬೇರೆ ದಾರಿ ಇಲ್ವಾ? ನಮ್ಮ ನೆಲದಲ್ಲೇ ಇದೆ. ವೀರಗಲ್ಲು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗೋದು, ಮೇಲೆ ವೀರ ಲಿಂಗದ ಮುಂದೆ ಕೂತಿರೋದು. ನಡುವಿನ ಹಂತ ನಮ್ಮ ಸಿನಿಮಾದ ಸ್ಲೋಮೋಷನ್ ಅಂದ್ಕೊಳ್ಳಿ, ಅಲಂಕಾರ ಆವತ್ತೂ ಇತ್ತು. ಆದ್ರೆ ಕಲ್ಲಿನಲ್ಲಿ ಬರಹ ಇದ್ದ ಕಡೆ ಅದು ಬಹಳ ಲೆಕ್ಕದ್ದು. ಇಂಥ ಊರು, ಇಂಥವನ ಮಗ, ತುರುಗೋಳಿನಲ್ಲಿ ದನ ಬಿಡಿಸಿಕೊಂಡು ಬರುವಾಗ ಸತ್ತ. ಅವನ ಮನೆಯವರಿಗೆ ಭೂಮಿ ಬಿಟ್ಟರೆ ಅದಕ್ಕೆ ನೆತ್ತರುಗೊಡಗೆ ಅಂತ ಹೆಸರು. ಅವನು ದೊಡ್ಡ ಅಧಿಕಾರಿ ಆಗಿರಬೇಕು ಅಂತೇನಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಕಲ್ಲು ನೋಡಿ. ತಕ್ಕೋಲದಲ್ಲಿ ರಾಷ್ಟ್ರಕೂಟರು ಚೋಳರನ್ನ ಸೋಲಿಸಿದ ಮಹಾಯುದ್ಧದ ಸುದ್ದಿ ಅದರಲ್ಲಿದೆ. ಆದ್ರೆ ಕಲ್ಲು ನಿಲ್ಲಿಸಿದ್ದು ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ! ನಾಯಿಯ ಹೆಸರನ್ನೂ ಬಿಡದೆ ಕೆತ್ತಿದ ಜನ ನಾವು. ಹವಾಲ್ದಾರನ ಹೆಸರು ನೆನಪಿಡೋದು ಅಷ್ಟು ಕಷ್ಟ ಆಗಬಾರದು.

ಇನ್ನೊಂದು ದಾರಿ ದೂರದ್ದು. ಆದ್ರೆ ನಮ್ಮ ಕಡೆಯ ದ್ರಾಕ್ಷಿ ರೈತರಿಗೆ ಅದು ಪೂರ್ತಿ ಅಪರಿಚಿತವಲ್ಲ. ತಿಕೋಟಾದ ಪಡಗಳಲ್ಲಿ ಹನಿ ಹನಿ ನೀರು ಬಿಡೋ ಡ್ರಿಪ್ ಪೈಪು ಇದೆಯಲ್ಲ, ಆ ತಂತ್ರಕ್ಕೆ ಕಾರ್ಖಾನೆ ಹಾಕಿದ್ದು ಇಸ್ರೇಲಿನ ನೆಗೆವ್ ಮರುಭೂಮಿಯ ಹತ್ಸೆರಿಮ್ ಅನ್ನೋ ಕಿಬ್ಬುತ್ಸ್, 1965ರಲ್ಲಿ. ಕಿಬ್ಬುತ್ಸ್ ಅಂದ್ರೆ ಹೊಲ, ಅಡುಗೆಮನೆ, ದುಡ್ಡು ಎಲ್ಲಾ ಊರಿಗೆ ಸೇರಿದ ಒಂದು ಕೂಡು ಹಳ್ಳಿ. ದಶಕಗಳ ಕಾಲ ಅಲ್ಲಿ ಮಕ್ಕಳು ರಾತ್ರಿ ಮಲಗ್ತಿದ್ದದ್ದೂ ಅಪ್ಪ ಅಮ್ಮನ ಹತ್ರ ಅಲ್ಲ, ಮಕ್ಕಳ ಮನೆಯಲ್ಲಿ, ಓರಗೆಯವರ ಜೊತೆ. ಅಲ್ಲಿಂದ ಸೇನೆಗೆ ಹೋದವರಲ್ಲಿ ಬಹಳ ಜನ ಎಳೆಯ ವಯಸ್ಸಿನ ಅಧಿಕಾರಿಗಳು. ದೇಶದ ಜನಸಂಖ್ಯೆಯಲ್ಲಿ ಕಿಬ್ಬುತ್ಸಿನವರ ಪಾಲು ತೀರಾ ಸಣ್ಣದು, ಯುದ್ಧದಲ್ಲಿ ಸತ್ತವರ ಪಟ್ಟಿಯಲ್ಲಿ ದೊಡ್ಡದು.

ಅಂಥ ಒಬ್ಬ ಹುಡುಗ ಸತ್ತರೆ ಕಿಬ್ಬುತ್ಸಿನಲ್ಲಿ ಒಂದು ರೂಢಿ ಇತ್ತು. ಜೊತೆಗೆ ಬೆಳೆದವರು ಸೇರಿ ಒಂದು ಪುಸ್ತಿಕೆ ಮಾಡೋರು. ಅವನ ಕಾಗದಗಳು, ಶಾಲೆಯ ಪ್ರಬಂಧ, ಗೆಳೆಯರ ನಾಲ್ಕು ಮಾತು, ಕೆಲವು ಫೋಟೋ. ಊರೊಳಗಿನ ಓದಿಗೆ ಅಂತ ಮಾಡಿದ್ದು. ಅಲ್ಲಿ ಬರೆಯೋರಿಗೆ ಹೆಚ್ಚು ಸುಳ್ಳು ಹೇಳೋ ಅವಕಾಶ ಇಲ್ಲ, ಯಾಕಂದ್ರೆ ಓದೋರೆಲ್ಲ ಆ ಹುಡುಗನ ಜೊತೆ ಒಂದೇ ಊಟದ ಮನೆಯಲ್ಲಿ ಉಂಡವರು.

1967ರ ಯುದ್ಧ ಮುಗಿದ ಮೇಲೆ ಇದೇ ಬಳಗದಿಂದ ಇನ್ನೊಂದು ಕೆಲಸ ಆಯ್ತು. ಅವ್ರಾಹಂ ಶಪಿರಾ, ಲೇಖಕ ಅಮೋಸ್ ಓಜ್ ಮೊದಲಾದವರು ಟೇಪ್ ರೆಕಾರ್ಡರ್ ಹೊತ್ತು ಕಿಬ್ಬುತ್ಸಿನಿಂದ ಕಿಬ್ಬುತ್ಸಿಗೆ ಹೋದ್ರು. ಯುದ್ಧದಿಂದ ಬಂದ ಹುಡುಗರನ್ನ ಮಾತಾಡಿಸಿದ್ರು. ಇಡೀ ದೇಶ ಗೆಲುವಿನ ಹಬ್ಬ ಮಾಡ್ತಿದ್ದಾಗ ಇವರು ಭಯ, ನಾಚಿಕೆ, ಕೊಂದ ಮೇಲಿನ ಕಸಿವಿಸಿ, ಎದುರಿನವನ ಮುಖ, ಇಂಥವನ್ನ ಮಾತಾಡಿದ್ರು. ಅದು ‘ಸಿಯಾಹ್ ಲೊಹಮೀಮ್’, ಅಂದ್ರೆ ಯೋಧರ ಮಾತುಕತೆ, ಅನ್ನೋ ಪುಸ್ತಕ ಆಯ್ತು. ಕಥೆ ಅಷ್ಟಕ್ಕೇ ಮುಗಿಯಲ್ಲ. ಹೇಳಿದ್ದೆಲ್ಲ ಅಚ್ಚಾಗಲಿಲ್ಲ, ಒಂದಿಷ್ಟನ್ನ ಸೆನ್ಸಾರ್ ಕತ್ತರಿಸಿತ್ತು. ಮೋರ್ ಲೌಶಿ ಅನ್ನೋ ನಿರ್ದೇಶಕಿ 2015ರ ‘ಸೆನ್ಸಾರ್ಡ್ ವಾಯ್ಸಸ್’ ಸಾಕ್ಷ್ಯಚಿತ್ರದಲ್ಲಿ ಆ ಹಳೇ ಟೇಪುಗಳನ್ನ ಈಗ ಮುದುಕರಾಗಿರೋ ಅದೇ ಹುಡುಗರ ಮುಂದೆ ಹಾಕಿ ಕೇಳಿಸ್ತಾರೆ. ಅವರು ಸುಮ್ಮನೆ ಕೂತು ತಮ್ಮದೇ ಎಳೇ ದನಿ ಕೇಳ್ತಾರೆ. ಸಂಗೀತ ಏರಿಸಿ ನಮ್ಮ ಕಣ್ಣಲ್ಲಿ ನೀರು ತರಿಸೋದಕ್ಕಿಂತ ಗಟ್ಟಿಯಾದ ಸಿನಿಮಾ ಅದು.

ಆ ದೇಶದ ರಾಜಕೀಯ ನಮಗೆ ಒಪ್ಪಿಗೆಯೋ ಇಲ್ಲವೋ, ಅದು ಬೇರೆ ಚರ್ಚೆ. ನಾನು ಹೇಳ್ತಿರೋದು ವಿಧಾನದ ಮಾತು. ಸತ್ತವನಿಗೆ ನಾವೇ ಡೈಲಾಗ್ ಬರೆದುಕೊಡೋದು ಒಂದು, ಅವನದೇ ಮಾತನ್ನ ಉಳಿಸೋದು ಇನ್ನೊಂದು.

ನಮ್ಮಲ್ಲೂ ಅವರದೇ ಮಾತು ಉಳಿದ ಉದಾಹರಣೆ ಇದೆ. ಅದಕ್ಕೆ ವಿಜಯಪುರದ ಒಂದು ಎಳೆಯೂ ಇದೆ. ನಮ್ಮ ಸೈನಿಕ ಶಾಲೆ ಶುರುವಾಗಿದ್ದು 1963ರಲ್ಲಿ. ಅಲ್ಲಿ ಓದಿದ ಕರ್ನಲ್ ಎಂ. ಬಿ. ರವೀಂದ್ರನಾಥ್ 1999ರ ಕಾರ್ಗಿಲ್ ಯುದ್ಧದಲ್ಲಿ ತೋಲೋಲಿಂಗ್ ಗೆದ್ದ 2 ರಾಜಪುತಾನಾ ರೈಫಲ್ಸ್ ಪಡೆಯ ಕಮಾಂಡರ್. ಅದೇ ಪಡೆಯಲ್ಲಿದ್ದ ಕ್ಯಾಪ್ಟನ್ ವಿಜಯಂತ್ ಥಾಪರ್ 22 ವಯಸ್ಸಿಗೆ, ಜೂನ್ ಕೊನೆಯಲ್ಲಿ, ಇನ್ನೊಂದು ಶಿಖರದ ಹೋರಾಟದಲ್ಲಿ ಸತ್ತ. ಸಾಯೋ ಮೊದಲು ಮನೆಗೆ ಬರೆದಿಟ್ಟ ಕಾಗದ ಇವತ್ತಿಗೂ ಓದಲು ಸಿಗುತ್ತೆ. ಅದರಲ್ಲಿ ದೇಶದ ಮಾತೂ ಇದೆ. ಜೊತೆಗೆ, ಕಾಶ್ಮೀರದ ಒಬ್ಬ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡೋದನ್ನ ಮುಂದುವರಿಸಿ ಅಂತ ಒಂದು ಕೋರಿಕೆ ಇದೆ. ಆ ಐವತ್ತು ರೂಪಾಯಿಯನ್ನ ಯಾವ ಸಿನಿಮಾ ಬರಹಗಾರನೂ ಕಲ್ಪಿಸಿಕೊಳ್ತಿರಲಿಲ್ಲ. ಐವತ್ತು ಲಕ್ಷ ಅಂತ ಬೇಕಾದ್ರೆ ಬರೀತಿದ್ದ. ಆ ಸಣ್ಣ ಮೊತ್ತದಲ್ಲಿ ಒಬ್ಬ ಹುಡುಗ ಪೂರ್ತಿ ಕಾಣ್ತಾನೆ.

‘ಮೇಜರ್’ನ ಎರಡನೇ ಅರ್ಧದಲ್ಲಿ ಇಲ್ಲದೇ ಇರೋದು ಇದೇ. ಸಂದೀಪನ ಬ್ಯಾಂಕ್ ಖಾತೆಯಲ್ಲಿ ಹೆಚ್ಚು ದುಡ್ಡೇ ಇರಲಿಲ್ಲ, ಸಂಬಳದಲ್ಲಿ ಬಹುಪಾಲು ಯಾರ‍್ಯಾರಿಗೋ ದಾನ ಕೊಡ್ತಿದ್ದ ಅಂತ ಅವನ ಅಪ್ಪ ಆಮೇಲೆ ಹೇಳಿದ್ದಿದೆ. ಇಂಥ ಸಂಗತಿಯ ಮೇಲೆ ಒಂದು ಇಡೀ ಸಿನಿಮಾ ನಿಲ್ಲಿಸಬಹುದಿತ್ತು. ಬದಲಿಗೆ ತಾಜ್ ಒಳಗೆ ಹೋದ ಕೂಡಲೇ ಮನುಷ್ಯ ಹೊರಟುಹೋಗಿ ಹೀರೋ ಬರ್ತಾನೆ. ಅವನ ಹಿಂದೆ ಇದ್ದ ತಂಡ ಅಸ್ಪಷ್ಟ ನೆರಳಾಗುತ್ತೆ.

ಇದರಿಂದ ಏನು ನಷ್ಟ ಅಂತ ಕೇಳಬಹುದು. ವಿಜಯಪುರ ಸಿಟಿಯ ಓಣಿ ಓಣಿಯಲ್ಲಿ ಸೈನಿಕ ಶಾಲೆ ಪರೀಕ್ಷೆಗೆ ತಯಾರಿ ಮಾಡಿಸೋ ಕೋಚಿಂಗ್ ಕ್ಲಾಸುಗಳಿವೆ. ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ ಹತ್ತು ವರ್ಷದ ಮಕ್ಕಳು ಬಂದು ರೂಮು ಮಾಡ್ಕೊಂಡು ಓದ್ತಾರೆ. ಆರನೇ ಕ್ಲಾಸಿನ ಸೀಟು ಕೆಲವರಿಗಷ್ಟೇ ಸಿಗುತ್ತೆ. ಉಳಿದವರಲ್ಲಿ ಬಹಳ ಜನ ಮುಂದೆ ಭರ್ತಿ ರ‍್ಯಾಲಿಯಲ್ಲಿ ಓಡಿ ಸೇನೆಗೆ ಸೇರ್ತಾರೆ. ನಮ್ಮ ಕಡೆಯಿಂದ ಸೇನೆಗೆ ಹೋಗೋರಲ್ಲಿ ಹೆಚ್ಚಿನವರು ಮೇಜರ್ ಅಲ್ಲ, ಹವಾಲ್ದಾರ್. ಆ ಮಕ್ಕಳು ನೋಡೋ ಸಿನಿಮಾ ಅವರಿಗೆ ಹೇಳೋದೇನು? ನೀನು ಹಿನ್ನೆಲೆಯಲ್ಲಿ ಓಡೋನು ಅಂತ.

ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಿಮಗೆ ನೆನಪಿರಬಹುದು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕು, 11ನೇ ತಾರೀಖು ದಿಲ್ಲಿಯಲ್ಲಿ ತೀರಿಕೊಂಡರು. ಆ ವಾರ ಊರೂರಿನಲ್ಲಿ ಫ್ಲೆಕ್ಸ್ ಕಟ್ಟಿದ್ವಿ. ಅದೇ ಹಿಮದಡಿ ಸಿಕ್ಕವರು ಒಟ್ಟು ಹತ್ತು ಜನ. ಅವರಲ್ಲಿ ಇನ್ನಿಬ್ಬರು ಕನ್ನಡ ನಾಡಿನವರೇ, ಒಬ್ಬರು ಹಾಸನದ ಕಡೆ, ಒಬ್ಬರು ಮೈಸೂರಿನ ಕಡೆ. ಫ್ಲೆಕ್ಸಿನ ಆಯುಷ್ಯ ಒಂದು ಮಳೆಗಾಲ. ಕಲ್ಲಿನ ಆಯುಷ್ಯ ಸಾವಿರ ವರ್ಷ. ಕಾಗದ, ಧ್ವನಿ ಇವೆರಡರ ನಡುವೆ ಎಲ್ಲೋ ಇವೆ, ನಾವು ಕಾಪಾಡಿದ್ರೆ.

ಹಾಗಾಗಿ ಸಿನಿಮಾ ನೋಡಬೇಡಿ ಅಂತ ಹೇಳ್ತಿಲ್ಲ. ಪ್ರಕಾಶ್ ರೈಗಾಗಿ, ರೇವತಿಗಾಗಿ ಖಂಡಿತ ನೋಡಿ. ನೋಡಿ ಸ್ಟೇಟಸ್ ಹಾಕಿದ ಮೇಲೆ ಇನ್ನೊಂದು ಕೆಲಸ ಮಾಡಬಹುದು. 1967ರಲ್ಲಿ ಅವರು ಟೇಪ್ ರೆಕಾರ್ಡರ್ ಹೊತ್ತು ತಿರುಗಬೇಕಿತ್ತು, ನಮ್ಮೆಲ್ಲರ ಜೇಬಿನಲ್ಲಿ ಈಗ ಅದು ಇದೆ. ಮುಂದಿನ ಸಲ ಊರಿಗೆ ಹೋದಾಗ ನಿಮ್ಮೂರಿನ ಹಳೇ ಫೌಜಿ ಪಕ್ಕ ಕೂತ್ಕೊಳ್ಳಿ. ದೇಶಭಕ್ತಿ ಅಂದ್ರೇನು ಕಾಕಾ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಸಿನಿಮಾದ ಉತ್ತರವೇ ಬರುತ್ತೆ. ಅಲ್ಲಿ ನಿಮ್ಮ ಬಾಜೂಕ ಯಾರಿದ್ರು, ಅವರದು ಯಾವೂರು, ಅಂತ ಕೇಳಿ.