ಮಾರಿಬೇನೆಯೂ ದೂರವಿರುವಿಕೆಯೂ: ‘ಸಂಸ್ಕಾರ’, ‘ಗೃಹಭಂಗ’ಗಳ ಪರಾಮರ್ಶೆ

ಸೋಂಕುರೋಗವು ಹಬ್ಬದಂತೆ ಜನರು ದೂರದೂರವಿರತಕ್ಕದ್ದೆಂಬ ನಿಯಮವು ವೈದ್ಯಶಾಸ್ತ್ರಕ್ಕೆ ಸೇರಿದುದು. ಅದನ್ನು ಜನರು ಹೇಗೆ ಅರ್ಥಮಾಡಿಕೊಂಡರು, ಅದರ ಹೊರೆ ಯಾರ ಮೇಲೆ ಬಿದ್ದಿತು ಎಂಬುದಾದರೋ ಸಾಹಿತ್ಯದ ವಿಷಯ. ಕನ್ನಡದಲ್ಲಿ ಈ ವಿಚಾರಕ್ಕೆ ಆಧಾರವಾಗಿ ನಿಲ್ಲತಕ್ಕ ಕಾದಂಬರಿಗಳಲ್ಲಿ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965), ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (1970) ಇವೆರಡೂ ಮುಖ್ಯವಾದುವು. ಎರಡರಲ್ಲಿಯೂ ಬರುವ ರೋಗ ಪ್ಲೇಗು. ಕೊರೋನಾ ಕಾಲವನ್ನು ಕಂಡ ವಾಚಕರು ಇವನ್ನು ಆ ಅನುಭವದ ಬೆಳಕಿನಲ್ಲಿ ಓದುವುದು ಸಹಜ. ಆದರೆ ಹಾಗೆ ಓದುವಲ್ಲಿ ಮುಖ್ಯವಾದೊಂದು ಭೇದವು ಮರೆಯಾಗುವ ಸಂಭವವುಂಟು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರುಗಳನ್ನು ಮುಟ್ಟಿತು. ಗಡ್ಡೆಯ ಪ್ಲೇಗು ಹರಡುವುದು ಮುಖ್ಯವಾಗಿ ಇಲಿಯ ಮೈಮೇಲಿನ ಚಿಗಟದಿಂದ. ಆದುದರಿಂದ ಇಲಿ ಬಿದ್ದ ಮನೆಯನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕುವುದೇ ಆಗ ಯುಕ್ತವಾದ ಮಾರ್ಗ. ಕೊರೋನಾ ಉಸಿರಿನಿಂದ ಹರಡತಕ್ಕದ್ದಾದುದರಿಂದ ಮನೆಯೊಳಗೇ ಇರಬೇಕೆಂದು ವಿಧಿಸಲಾಯಿತು. ಒಂದು ರೋಗಕ್ಕೆ ಮನೆಯನ್ನು ಬಿಡುವುದು ರಕ್ಷೆ, ಮತ್ತೊಂದಕ್ಕೆ ಮನೆಯನ್ನು ಸೇರುವುದು ರಕ್ಷೆ.

ಈ ಭೇದದ ಭಾರವೆಷ್ಟೆಂಬುದನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಿಂದ ತಿಳಿಯಬಹುದು. ಕೃಷ್ಣಾ, ಘಟಪ್ರಭಾ ತೀರಗಳ ಒಕ್ಕಲಿಗನು ಊರು ಬಿಟ್ಟರೂ ಹೊಲದಲ್ಲಿ ನಿಲ್ಲಬಲ್ಲನು. ರಬಕವಿ-ಬನಹಟ್ಟಿಯ ನೇಕಾರನಿಗಾದರೋ ಮನೆಯೇ ಕಾರ್ಖಾನೆ. ಕುಣಿ ತೋಡಿ ಹೂಡಿದ ಮಗ್ಗವನ್ನು ಹೊತ್ತು ಬಯಲಿಗೆ ಹೋಗುವಂತಿಲ್ಲ. 2020ರ ಮಾರ್ಚ್ 25ರಿಂದ ಮನೆಯಲ್ಲಿಯೇ ಇರಬೇಕಾದಾಗ ಮಗ್ಗವು ಕೈಗೆಟುಕುವಂತಿದ್ದರೂ ನೂಲು ಬರುವ ದಾರಿಯೂ ಸೀರೆ ಹೋಗುವ ಪೇಟೆಯೂ ಮುಚ್ಚಿದುವು. ಮುಧೋಳದ ರನ್ನಕವಿಯು ಹುಟ್ಟಿದ ಬಳೆಗಾರ ಕುಲದ ಕಸುಬಂತೂ ಪರರ ಕೈಹಿಡಿಯದೆ ನಡೆಯತಕ್ಕದ್ದೇ ಅಲ್ಲ. ದೂರವಿರುವಿಕೆಗೆ ಬೆಲೆಯುಂಟು, ಅದು ಎಲ್ಲರಿಗೂ ಒಂದೇ ಅಲ್ಲ. ಈ ಎರಡು ಕೃತಿಗಳನ್ನು ಈ ಅಳತೆಗೋಲಿನಿಂದಲೇ ನೋಡತಕ್ಕದ್ದು.

‘ಸಂಸ್ಕಾರ’ದ ಪ್ಲೇಗನ್ನು ಅಗ್ರಹಾರದ ಕೊಳೆತಕ್ಕೆ ಸಂಕೇತವೆಂದು ಹೇಳಿ ಮುಗಿಸಿದರೆ ಸಾಲದು. ದೂರ್ವಾಸಪುರದಲ್ಲಿ ಇಲಿಗಳು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂಡುತ್ತವೆ. ಬ್ರಾಹ್ಮಣರು ಇವನ್ನು ನಾರಣಪ್ಪನ ಶವವು ಸಂಸ್ಕಾರವಿಲ್ಲದೆ ಬಿದ್ದಿರುವುದರ ಫಲವೆಂದೇ ತಿಳಿಯುವರು. ಅವರು ಅಗ್ರಹಾರವನ್ನು ಬಿಟ್ಟು ಹೊರಡುವುದು ಹೆಣದ ಮೈಲಿಗೆಗೆ ಪರಿಹಾರವನ್ನು ಅರಸಿ. ಸೇರುವುದು ಬಯಲನ್ನಲ್ಲ, ಮತ್ತೊಂದು ಅಗ್ರಹಾರದ ಮನೆಗಳನ್ನು. ಇತ್ತ ದಲಿತರ ಕೇರಿಯಲ್ಲಿ ಸತ್ತವರನ್ನು ಗುಡಿಸಲಿನೊಡನೆಯೇ ಸುಡುತ್ತಾರೆ. ಶಾಸ್ತ್ರವರಿಯದ ಕೇರಿಯ ಕಾರ್ಯವು, ತನಗೆ ತಿಳಿಯದೆಯೇ, ಶಾಸ್ತ್ರಜ್ಞರ ಚರ್ಚೆಗಿಂತ ರೋಗದ ಮೂಲಕ್ಕೆ ಹತ್ತಿರವಾಗಿದೆ.

ಆದರೆ ಕೃತಿಯ ಕೊರತೆಯೂ ಇಲ್ಲಿಯೇ ಇದೆ. ಪ್ಲೇಗಿನ ಮನೆಯಿಂದ ಹೊರಟ ಪ್ರಾಣೇಶಾಚಾರ್ಯನು ಮೇಳಿಗೆಯ ಜಾತ್ರೆಯ ಜನಸಂದಣಿಯನ್ನು ಹೊಕ್ಕು ದೇವಸ್ಥಾನದ ಪಂಕ್ತಿಯಲ್ಲಿ ಕುಳಿತಾಗ ಅವನನ್ನು ಕಾಡುವುದು ಸೂತಕ, ಸೋಂಕಲ್ಲ. ಪಾತ್ರಕ್ಕೆ ಇದು ಸಹಜವೇ. ಆದರೆ ಅಷ್ಟು ಹೊತ್ತಿಗೆ ಕಥೆಯೂ ರೋಗವನ್ನು ಹಿಂದೆ ಬಿಟ್ಟು ಬಂದಿರುತ್ತದೆ. ಮೈಲಿಗೆಯ ಭಾಷೆಯನ್ನು ಪರೀಕ್ಷಿಸಹೊರಟ ಕೃತಿಯು ಕೊನೆಗೆ ಆ ಭಾಷೆಯಲ್ಲಿಯೇ ಉಳಿದುಬಿಡುತ್ತದೆ.

‘ಗೃಹಭಂಗ’ದಲ್ಲಿ ಇಂಥ ತಾತ್ತ್ವಿಕ ಜಿಜ್ಞಾಸೆಯಿಲ್ಲ. ಅಲ್ಲಿ ಪ್ಲೇಗು ಬಂದರೆ ಊರವರು ಮನೆ ಬಿಟ್ಟು ಹೊರಗೆ ಗುಡಿಸಲು ಕಟ್ಟುವುದು ಬರಗಾಲದಷ್ಟೇ ಪರಿಚಿತವಾದ ಸಂಗತಿ. ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದೆಲೆ ಹಚ್ಚಿ ಸಂಸಾರವನ್ನು ತೂಗಿಸುವ ನಂಜಮ್ಮನಿಗೆ ಮನೆಯ ಸ್ಥಳಾಂತರವೆಂದರೆ ತನ್ನ ಮೇಲೆಯೇ ಬಿದ್ದ ಮತ್ತೊಂದು ಹೊರೆ. ಪಾರ್ವತಿ, ರಾಮಣ್ಣರನ್ನು ಪ್ಲೇಗು ಒಯ್ಯುತ್ತದೆ. ಕೊನೆಗೆ ಅವಳನ್ನೂ ಬಿಡುವುದಿಲ್ಲ. ಊರು ಬಿಡುವುದು ರಕ್ಷೆಯೆಂಬುದು ನಿಜವಾದರೂ ಪೂರ್ಣ ರಕ್ಷೆಯಲ್ಲವೆಂಬ ಕಟುಸತ್ಯವನ್ನು ಭೈರಪ್ಪನವರು ವ್ಯಾಖ್ಯಾನವಿಲ್ಲದೆ ಇಟ್ಟಿದ್ದಾರೆ. ಕಥೆಯ ದೃಷ್ಟಿಯು ಬಹುಮಟ್ಟಿಗೆ ಒಂದೇ ಮನೆಯ ಮೇಲೆ ನೆಲೆಸಿದೆಯಾದರೂ ದೂರವಿರುವಿಕೆಯ ಬೆಲೆಯನ್ನು ಕಾಸುಕಾಸಾಗಿ ಎಣಿಸಿ ತೋರಿಸಿರುವುದು ಇಲ್ಲಿಯೇ.

ಒಟ್ಟಿನಲ್ಲಿ, ಸೋಂಕಿಗಾಗಿ ಬೇರೆಯಾಗುವುದು ಮೈಲಿಗೆಗಾಗಿ ಬೇರೆಯಿಡುವುದರೊಡನೆ ಎಷ್ಟು ಸುಲಭವಾಗಿ ಬೆರೆತುಹೋಗುವುದೆಂಬುದನ್ನು ‘ಸಂಸ್ಕಾರ’ವು ತಿಳಿಸುತ್ತದೆ, ಬೇರೆಯಾಗಿ ಬದುಕಲು ಏನು ಬೇಕೆಂಬುದನ್ನು ‘ಗೃಹಭಂಗ’ವು ತಿಳಿಸುತ್ತದೆ. ಮೊದಲನೆಯದನ್ನು ಮಾತ್ರ ಬೋಧಿಸಿದರೆ ಪ್ಲೇಗು ಕೇವಲ ಉಪಮೆಯಾಗಿ ಉಳಿದೀತು. ಕುಣಿಮಗ್ಗದ ಮನೆಯಿಂದ ಬಂದ ವಿದ್ಯಾರ್ಥಿಗೆ ಎರಡನೆಯದನ್ನು ವಿವರಿಸುವ ಅವಶ್ಯಕತೆ ಹೆಚ್ಚಾಗಿ ಬೀಳಲಾರದು.