ಸೀಸದ ಪೆಲೆಟ್ ಆರಿಸುವ ಕುಸುರಿ

ಪುಣೆಯ ಬಾಲೇವಾಡಿಯಂಥ ಶೂಟಿಂಗ್ ರೇಂಜುಗಳಲ್ಲಿ ನಡೆಯುವ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಅದಕ್ಕೆ ತಕ್ಕ ಸೀಸದ ಪೆಲೆಟ್ ಆರಿಸುವುದೇ ಒಂದು ಕುಸುರಿ. ಅರ್ಧ ಗ್ರಾಮಿನಷ್ಟು ತೂಗುವ ಪೆಲೆಟ್ಟಿನ ತಲೆ ಚಪ್ಪಟೆ, ನಡು ಸಪೂರ, ಟೊಳ್ಳು ಬುಡ ಲಂಗದಂತೆ ಅಗಲ. ಡಬ್ಬಿಗಳ ಮೇಲೆ 4.49, 4.50, 4.51 ಮಿಲಿಮೀಟರ್ ಎಂಬ ತಲೆಯಳತೆಗಳಿರುತ್ತವೆ. ಆ ಅಂತರ ಕಣ್ಣಿಗೆ ಕಾಣದು, ನಳಿಗೆಗೆ ಮಾತ್ರ ಗೊತ್ತು. ಪರೀಕ್ಷೆಗೆಂದು ರೈಫಲನ್ನು ಇಕ್ಕಳದಲ್ಲಿ ಬಿಗಿಯುತ್ತಾರೆ. ಶೂಟರನ ಉಸಿರು, ನಾಡಿ ಆಗ ಲೆಕ್ಕಕ್ಕಿಲ್ಲ. ಒಂದೇ ಬ್ಯಾಚಿನ ಪೆಲೆಟ್ಟುಗಳನ್ನು ಒಂದೇ ಕಾಗದಕ್ಕೆ ಹಾರಿಸಿದಾಗ, ಚಪ್ಪಟೆ ತಲೆ ಕತ್ತರಿಸಿದ ನುಣುಪಂಚಿನ ತೂತುಗಳು ಒಂದರ ಮೇಲೊಂದು ಕೂತು ಹೆಚ್ಚುಕಡಿಮೆ ಒಂದೇ ತೂತಾಗಬೇಕು. ಎಂಥ ಸೊಗಸು ಅದು! ತೂತು ಹಿಗ್ಗಿದ ಬ್ಯಾಚು ಅಭ್ಯಾಸಕ್ಕೆ. ಬಿಗಿಯಾಗಿ ಕೂತದ್ದು ಸ್ಪರ್ಧೆಗೆ.